ಕಬಿನಿಯ 2284 ಅಡಿ: ಯಾವ ಕಡಲಿನಿಂದ?

ಮುಂಗಾರು ಹತ್ತಿತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ದಿನಪತ್ರಿಕೆ ಬಿಡಿಸಿದೊಡನೆ ಕಣ್ಣು ಹುಡುಕುವುದು ಅಣೆಕಟ್ಟೆಗಳ ನೀರಿನ ಮಟ್ಟವನ್ನು. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2284 ಅಡಿ. ಒಂದರ ಕೆಳಗೊಂದು ಅಚ್ಚಾದ ಈ ಅಂಕೆಗಳನ್ನು ಓದಿದ ಮಕ್ಕಳು, ಹಾಗಾದರೆ ಕಬಿನಿ ಕನ್ನಂಬಾಡಿಗಿಂತ ಹದಿನೆಂಟು ಪಾಲು ಆಳವೇ ಎಂದು ಕೇಳಿದರೆ, ಹಿರಿಯರಲ್ಲಿ ಎಷ್ಟೋ ಮಂದಿ ಮಾತನ್ನು ತೇಲಿಸಿಬಿಡುತ್ತಾರೆ.

ಸಂಗತಿ ಅಷ್ಟೇನೂ ಕಠಿನವಲ್ಲ. ಕನ್ನಂಬಾಡಿಯ ಅಡಿಗಳನ್ನು ಕಟ್ಟೆಯ ಬುಡದಿಂದ ಎಣಿಸುತ್ತಾರೆ. ಕಬಿನಿಯ ಅಡಿಗಳನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ. ಆದರೆ ಈ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಕಬಿನಿಗೆ ಹತ್ತಿರದ, ಹೆಗ್ಗಡದೇವನಕೋಟೆಯ ಮಗ್ಗುಲಿನ ಹ್ಯಾಂಡ್‌ಪೋಸ್ಟಿನಲ್ಲಿ ನಿಂತು ನೋಡಿದರೆ ಕಡಲೆಲ್ಲಿ? ಪಡುವಣ ಕರಾವಳಿ ಹಕ್ಕಿ ಹಾರುವ ದಾರಿಯಲ್ಲೂ ಸುಮಾರು ನೂರು ಕಿಲೊಮೀಟರು. ನಡುವೆ ವಯನಾಡಿನ ಬೆಟ್ಟಸಾಲು. ಹ್ಯಾಂಡ್‌ಪೋಸ್ಟ್ ಎಂದರೆ ದಾರಿ ತೋರುವ ಕೈಮರ. ದಕ್ಷಿಣ ಕನ್ನಡದವರು ಅದನ್ನೇ ಕೈಕಂಬವೆಂದು ಕನ್ನಡದಲ್ಲಿ ಕರೆದು, ಆ ಹೆಸರಿನ ಊರುಗಳನ್ನೂ ಮಾಡಿಕೊಂಡಿದ್ದಾರೆ. ಕೋಟೆಯ ಕಡೆಯವರು ಇಂಗ್ಲಿಷಿನ ಹೆಸರನ್ನೇ ಉಳಿಸಿಕೊಂಡರು. ಇರಲಿ. ಮೈಸೂರಿಗೂ ಮಾನಂದವಾಡಿಗೂ ದಾರಿ ತೋರುವ ಈ ಊರಿಗೆ, ಅಲ್ಲಿಯ ಹೊಳೆಯ ಎತ್ತರ ಹೇಳಲು ಬಂದ ಕಡಲು ಯಾವುದು?

ಒಂದಲ್ಲ, ಒಂಬತ್ತು ಬಂದರುಗಳ ಕಡಲು. ಭಾರತದ ಸರ್ವೇಕ್ಷಣ ಇಲಾಖೆಯವರು 1858ರಿಂದ 1909ರವರೆಗೆ ದೇಶದ ಉದ್ದಗಲಕ್ಕೂ ಮಟ್ಟದ ಯಂತ್ರವನ್ನೂ ಅಳತೆಗೋಲನ್ನೂ ಹೊತ್ತು ನಡೆದರು. ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಫಾಲ್ಸ್ ಪಾಯಿಂಟ್ ಈ ಒಂಬತ್ತು ಕಡೆಗಳ ಸರಾಸರಿ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದು, ಒಳನಾಡಿನ ಕಲ್ಲುಕಲ್ಲಿಗೂ ಎತ್ತರ ಕಟ್ಟಿದರು. ಒಂಬತ್ತರಲ್ಲಿ ಒಂದು ನಮ್ಮ ಕಾರವಾರವೆಂಬುದನ್ನು ಕನ್ನಡಿಗರು ಗಮನಿಸಬೇಕು. ದೇಶದ ಎತ್ತರಗಳನ್ನು ಪರಿಷ್ಕರಿಸುವ ಕೆಲಸ ಈಚೆಗೆ ನಡೆದಿದೆಯಾದರೂ, 1974ರಲ್ಲಿ ಮುಗಿದ ಕಬಿನಿಯಂಥ ಕಟ್ಟೆಗಳ ಅಂಕೆಯ ಹಿಂದೆ ನಿಂತಿರುವುದು ಆ ಹಳೆಯ ಸೊನ್ನೆಯೇ.

ಕಡಲನ್ನು ಅಳೆಯುವುದು ಕೆರೆಯನ್ನು ಅಳೆದಂತಲ್ಲ. ಕೆರೆಯ ತೂಬಿನ ಬಳಿ ಗೆರೆ ಎಳೆದ ಕಂಬವೊಂದನ್ನು ನೆಟ್ಟರೆ ಸಾಕು. ಕಡಲಿನ ನೀರು ಕ್ಷಣ ಹೊತ್ತು ಸುಮ್ಮನಿರದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅದು ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಮಂದ. ಇವೆಲ್ಲದರ ಮೇಲೆ ಗಾಳಿಯೆಬ್ಬಿಸಿದ ತೆರೆ. ಇದಕ್ಕೆ ಹತ್ತೊಂಬತ್ತನೆಯ ಶತಮಾನದವರು ಹೂಡಿದ ಉಪಾಯ ಬಲು ಸರಳವಾದುದು. ಬಂದರಿನ ಕಟ್ಟೆಯ ಬಳಿ ಒಂದು ಬಾವಿ. ಬಾವಿಯ ತಳದ ಕಡೆ ಕಡಲಿಗೆ ತೆರೆದ ಸಣ್ಣ ಕಂಡಿ. ಉಬ್ಬರದ ನೀರು ಅದರಲ್ಲಿ ನಿಧಾನವಾಗಿ ಒಳಬರುತ್ತದೆ, ತೆರೆಯ ಬಡಿತ ಮಾತ್ರ ಹೊರಗೇ ಉಳಿಯುತ್ತದೆ. ಬಾವಿಯ ನೀರಿನ ಮೇಲೊಂದು ತೇಲುವ ಡಬ್ಬಿ. ಡಬ್ಬಿಗೆ ತಂತಿ, ತಂತಿಗೆ ಗಾಲಿ, ಗಾಲಿಗೆ ಲೇಖನಿ. ಗಡಿಯಾರದ ಯಂತ್ರದಿಂದ ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಆ ಲೇಖನಿ ಹಗಲಿರುಳು ಕಡಲಿನ ಏರಿಳಿತದ ಚಿತ್ರವನ್ನು ಬರೆಯುತ್ತದೆ. ಇದೇ ಉಬ್ಬರವಿಳಿತ ಮಾಪಕ. ಈಗ ಎಷ್ಟೋ ಬಂದರುಗಳಲ್ಲಿ ಲೇಖನಿಯ ಬದಲು ರಾಡಾರ್ ಬಂದಿದೆ. ಅಳೆಯುವ ವಸ್ತು ಅದೇ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹೆಸರಾದವನು ಸರ್ವೇಕ್ಷಣ ಇಲಾಖೆಯ ಬೇರ್ಡ್ ಎಂಬ ಸೈನ್ಯಾಧಿಕಾರಿ. 1870ರ ದಶಕದಲ್ಲಿ ಕಛ್ ಕೊಲ್ಲಿಯ ದಡದ ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಆತ ಮಾಪಕಗಳನ್ನು ಹೂಡಿದ; ಆಮೇಲೆ ಕರಾವಳಿಯುದ್ದಕ್ಕೂ ವೀಕ್ಷಣಾಲಯಗಳು ಎದ್ದವು. 1883ರ ಆಗಸ್ಟ್ 27ರಂದು ಸಾವಿರಾರು ಮೈಲಿಯಾಚೆ ಕ್ರಾಕಟೋವಾ ಜ್ವಾಲಾಮುಖಿ ಸಿಡಿದಾಗ, ದಡದ ಮೇಲೆ ನಿಂತವರ ಕಣ್ಣಿಗೆ ಬೀಳದಂಥ ಅಲೆಗಳನ್ನೂ ಈ ಲೇಖನಿಗಳು ಕಾಗದದ ಮೇಲೆ ಮೂಡಿಸಿದವು.

ಹೀಗೆ ಬರೆದ ಗೆರೆಯಿಂದ ಗಂಟೆಗಂಟೆಯ ಎತ್ತರವನ್ನು ಓದಿ ಸರಾಸರಿ ತೆಗೆದರೆ ದಿನದ ಮಟ್ಟ, ದಿನಗಳಿಂದ ತಿಂಗಳದು, ತಿಂಗಳುಗಳಿಂದ ವರ್ಷದ್ದು. ಒಂದು ವರ್ಷದ ಲೆಕ್ಕ ಸಾಲದೆ? ಸಾಲದು. ಚಂದ್ರನ ಹಾದಿಯ ಓಲಾಟ ಒಂದು ಸುತ್ತು ಮುಗಿಯಲು 18.6 ವರ್ಷ ಬೇಕು. ಪಂಚಾಂಗ ಬಲ್ಲವರಿಗೆ ಇದು ಹೊಸದಲ್ಲ, ರಾಹುಕೇತುಗಳು ರಾಶಿಚಕ್ರವನ್ನು ಸುತ್ತಿ ಬರುವ ಕಾಲವೇ ಅದು. ಆದುದರಿಂದಲೇ ಸರಾಸರಿ ಸಮುದ್ರಮಟ್ಟಕ್ಕೆ ಹತ್ತೊಂಬತ್ತು ವರ್ಷದ ದಾಖಲೆಯನ್ನು ಬಯಸುತ್ತಾರೆ.

ಋತುಗಳ ಆಟ ಬೇರೆ. ಮುಂಗಾರಿನಲ್ಲಿ ಹೊಳೆಗಳೆಲ್ಲ ತುಂಬಿ ಕಡಲಿಗೆ ಬೀಳುವಾಗ ಕಡಲೂ ಮೇಲೇರಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಕರ್ನಾಟಕದ ಕರಾವಳಿಯಲ್ಲಿ ನಡೆಯುವುದು ಅದಕ್ಕೆ ವಿರುದ್ಧ. ಮಳೆಗಾಲದಲ್ಲಿ ತೀರದ ಪ್ರವಾಹ ದಕ್ಷಿಣಕ್ಕೆ ಹರಿದು, ಆಳದ ತಣ್ಣೀರು ಮೇಲಕ್ಕೆ ಬಂದು, ಸರಾಸರಿ ಮಟ್ಟ ತಗ್ಗುತ್ತದೆ. ಚಳಿಗಾಲಕ್ಕೆ ಪ್ರವಾಹ ಉತ್ತರಕ್ಕೆ ತಿರುಗಿದಾಗ ಹೆಚ್ಚುತ್ತದೆ. ಈ ವಾರ್ಷಿಕ ಏರಿಳಿತ ಹಲವು ಅಂಗುಲಗಳದು. ಕಡಲು ನಿಜವಾಗಿ ಏರುತ್ತಿರುವುದಾದರೋ ವರ್ಷಕ್ಕೆ ಅಕ್ಕಿಕಾಳಿನ ದಪ್ಪದಷ್ಟು. ಅಂಗುಲಗಳ ಗದ್ದಲದ ನಡುವೆ ಆ ಅಕ್ಕಿಕಾಳನ್ನು ಹೆಕ್ಕಬೇಕಾದರೆ ಐದು ಹತ್ತು ವರ್ಷದ ಅಳತೆ ಏನೂ ಹೇಳಲಾರದು.

ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಉಣ್ಣಿಕೃಷ್ಣನ್ ಮತ್ತು ಶಂಕರ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ನಲವತ್ತು ವರ್ಷಕ್ಕೆ ಮೇಲ್ಪಟ್ಟ ದಾಖಲೆಗಳನ್ನೇ ಆರಿಸಿಕೊಂಡರು. ಉತ್ತರ ಹಿಂದೂ ಮಹಾಸಾಗರದ ತೀರಗಳಲ್ಲಿ ಕಡಲು ವರ್ಷಕ್ಕೆ ಸರಾಸರಿ 1.29 ಮಿಲಿಮೀಟರು ಏರಿದೆಯೆಂದು ಅವರ ಲೆಕ್ಕ. ಬಂಗಾಳದ ಡೈಮಂಡ್ ಹಾರ್ಬರಿನಲ್ಲಿ ಮಾತ್ರ 5 ಮಿಲಿಮೀಟರಿಗೂ ಹೆಚ್ಚು ಕಂಡಿತು. ಅಲ್ಲಿ ಕಡಲು ಏರುವುದಲ್ಲದೆ ನೆಲವೂ ಕುಸಿಯುತ್ತಿದೆ. ಮಾಪಕ ನಿಂತಿರುವುದು ನೆಲದ ಮೇಲೆ ತಾನೇ. ನೆಲ ಒಂದಂಗುಲ ಇಳಿದರೆ ಕಡಲು ಒಂದಂಗುಲ ಏರಿತೆಂದೇ ಅದು ಬರೆಯುತ್ತದೆ. ಹೀಗಾಗಿ ಮಾಪಕದ ಬಳಿ ಗಟ್ಟಿ ಕಲ್ಲಿನಲ್ಲಿ ಗುರುತೊಂದನ್ನು ಕೆತ್ತಿ, ಆಗಾಗ ಅದರೊಡನೆ ತಾಳೆ ನೋಡುವುದು ಅವಶ್ಯಕ. 1993ರಿಂದ ಉಪಗ್ರಹಗಳು ಮೇಲಿನಿಂದ ಅಳೆಯುತ್ತಿವೆ; ಪ್ರಪಂಚದ ಸಾಗರಗಳ ಸರಾಸರಿ ಏರಿಕೆ ಅಂದಿನಿಂದ ವರ್ಷಕ್ಕೆ 3 ಮಿಲಿಮೀಟರಿಗೂ ಮಿಕ್ಕಿದೆ.

ಲೋಕದ ಬಂದರುಗಳ ಈ ಲೆಕ್ಕಗಳೆಲ್ಲ ಒಂದೆಡೆ ಸೇರುವ ಉಗ್ರಾಣ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿದೆ. 1933ರಲ್ಲಿ ಹುಟ್ಟಿದ ಆ ಸಂಸ್ಥೆಯಿಂದ ತಿಂಗಳ ಮತ್ತು ವರ್ಷದ ಸರಾಸರಿಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಪಡೆಯಬಹುದು. ಮುಂಬಯಿಯ ಅಪೊಲೊ ಬಂದರಿನ ದಾಖಲೆ 1878ರಿಂದ ಸಿಗುತ್ತದೆ. ಏಷ್ಯದಲ್ಲಿ ಇಷ್ಟು ಹಳೆಯವು ವಿರಳ. ಕಾಲೇಜು ಹುಡುಗರು ಅದನ್ನು ತೆರೆದರೆ ಎರಡು ಕಡೆ ಎಡವುವ ಸಂಭವವುಂಟು. ವರ್ಷದ ಮುಂದೆ 7000ದ ಆಸುಪಾಸಿನ ಅಂಕೆ ಕಂಡು, ಮುಂಬಯಿಯ ಕಡಲು ಏಳು ಮೀಟರು ಎದ್ದಿದೆಯೇ ಎಂದು ಬೆಚ್ಚಬೇಕಾಗಿಲ್ಲ. ಅಂಕೆಗಳು ಮಿಲಿಮೀಟರಿನವು, ಯಾವ ಅಂಕೆಯೂ ಋಣವಾಗದಿರಲೆಂದು ಸೊನ್ನೆಯನ್ನು ಸರಾಸರಿ ಮಟ್ಟಕ್ಕಿಂತ ಸುಮಾರು ಏಳು ಮೀಟರು ಕೆಳಗೆ ಇಟ್ಟಿದ್ದಾರೆ. ಒಂದು ವರ್ಷಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ನೋಡಬೇಕು. ಎರಡನೆಯದು, ಅಲ್ಲಲ್ಲಿ ಕಾಣುವ -99999 ಎಂಬ ಅಂಕೆ. ಅದು ಅಳತೆಯಲ್ಲ, ಅಳತೆ ಇಲ್ಲವೆಂಬುದರ ಗುರುತು. ಅರಿಯದೆ ಅದನ್ನೂ ಕೂಡಿ ಸರಾಸರಿ ತೆಗೆದವನ ಕಡಲು ಪಾತಾಳಕ್ಕೆ ಇಳಿದೀತು!

ಇನ್ನು ಕಬಿನಿಗೆ ಮರಳಬಹುದು. ಕಡಲು ಏರಿದರೆ 2284 ಎಂಬ ಅಂಕೆ ಕುಗ್ಗಬೇಕಲ್ಲವೆ? ಕುಗ್ಗುವುದಿಲ್ಲ. ಅದು ಇಂದಿನ ಕಡಲಿನಿಂದ ಎಣಿಸಿದ ಎತ್ತರವಲ್ಲ. ಅಂದು ಕಲ್ಲಿಗೆ ಇಳಿಸಿ ನಿಲ್ಲಿಸಿದ, ಒಂದು ಶತಮಾನಕ್ಕೂ ಹಳೆಯ ಕಡಲಿನದು. ಹಾಗೆ ನಿಲ್ಲಿಸದಿದ್ದರೆ ಹೋದ ವರ್ಷದ ಕಬಿನಿಯನ್ನು ಈ ವರ್ಷದ ಕಬಿನಿಯೊಡನೆ ಹೋಲಿಸಲು ಬರುತ್ತಿರಲಿಲ್ಲ. ತುಂಬಿದ ನೀರೆಷ್ಟು, ನಾಲೆಗೆಷ್ಟು, ತಮಿಳುನಾಡಿಗೆಷ್ಟು ಎಂಬ ಲೆಕ್ಕವೂ ತಪ್ಪುತ್ತಿತ್ತು. ಆ ಸೊನ್ನೆಯಲ್ಲೂ ಸಣ್ಣದೊಂದು ಕೊಂಕಿದೆಯೆನ್ನಿ. ಒಂಬತ್ತು ಬಂದರುಗಳ ಕಡಲೂ ಒಂದೇ ಎತ್ತರವೆಂದು ಅಂದು ಭಾವಿಸಿದ್ದರು. ವಾಸ್ತವದಲ್ಲಿ ಬಂಗಾಳ ಕೊಲ್ಲಿಯ ತೀರದಲ್ಲಿ ಮಟ್ಟ ಅರಬ್ಬಿ ಸಮುದ್ರದ ತೀರಕ್ಕಿಂತ ತುಸು ಮೇಲೆ. ಮಹಾನದಿಗಳ ಸಿಹಿನೀರು ಬೆರೆತು ಅಲ್ಲಿಯ ನೀರು ಹಗುರವಾಗಿರುವುದೇ ಕಾರಣವೆಂದು ಶಂಕರ್ ಮತ್ತು ಶೆಟ್ಯೆ 2001ರಲ್ಲಿ ತೋರಿಸಿಕೊಟ್ಟರು. ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಬಿನಿಯ ನೀರೂ ಕೊನೆಗೆ ಹೋಗುವುದು ಆ ಕೊಲ್ಲಿಗೇ.

ಇಷ್ಟೆಲ್ಲ ಹೇಳಿದ ಮೇಲೆ ಮರೆಯಬಾರದ ಕೊರತೆ ಕಾರವಾರದ್ದು. ಚಿಕ್ಕ ಬಂದರುಗಳಲ್ಲಿ ಕೆಲವೇ ವರ್ಷ ಅಳೆದು ಯಂತ್ರವನ್ನು ಬೇರೆಡೆಗೆ ಸಾಗಿಸುವುದು ಅಂದಿನ ರೂಢಿಯಾಗಿತ್ತು. ಕಾರವಾರಕ್ಕೂ ಅದೇ ಪಾಡಾಯಿತು. ದೇಶಕ್ಕೆ ಸೊನ್ನೆ ಕೊಟ್ಟ ಬಂದರಿಗೆ ಮುಂಬಯಿಯಂತೆ ಮುರಿಯದ ದಾಖಲೆ ದಕ್ಕಲಿಲ್ಲ. ಇಂದು ಉಳ್ಳಾಲದಲ್ಲಿ ತೆಂಗಿನ ಮರ, ಮನೆಗಳು ಅಲೆಯ ಪಾಲಾದಾಗ, ಇದು ಕಡಲ್ಕೊರೆತವೋ, ಕಟ್ಟಿದ ತಡೆಗೋಡೆಗಳಿಂದ ಮರಳಿನ ಚಲನೆ ತಪ್ಪಿದುದೋ, ಕಡಲೇ ಏರಿದುದೋ ಎಂಬ ಪ್ರಶ್ನೆಗೆ ತೀರದ ಹಳೆಯ ದಾಖಲೆ ಉತ್ತರದ ಒಂದು ಪಾಲನ್ನಾದರೂ ಹೇಳಬಲ್ಲದಾಗಿತ್ತು. ಅದಿಲ್ಲದೆ ನಮ್ಮ ಕರಾವಳಿಯವರು ಉತ್ತರದ ಮುಂಬಯಿಯ ಅಂಕೆಯನ್ನೂ ದಕ್ಷಿಣದ ಕೊಚ್ಚಿಯ ಅಂಕೆಯನ್ನೂ ನೋಡಿ, ನಡುವೆ ತಮ್ಮದೂ ಹಾಗೆಯೇ ಇದ್ದೀತೆಂದು ಊಹಿಸಬೇಕಾಗಿದೆ.