ಪರಾಗರೇಣುವೂ ಸಸ್ಯಗಳ ಕುಲನಿರ್ಣಯವೂ

ಹೂಬಿಡುವ ಸಸ್ಯಗಳು ಎರಡು ಬಗೆ. ಬೀಜದಲ್ಲಿ ಬೇಳೆ ಒಂದಿದ್ದರೆ ಏಕದಳ, ಎರಡಿದ್ದರೆ ದ್ವಿದಳ. ನಾವೆಲ್ಲರೂ ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಪಾಠವಿದು. ರಾಗಿ ಏಕದಳ, ಅವರೆ ದ್ವಿದಳ ಎಂದು ಬರೆದರೆ ಪೂರ್ಣ ಅಂಕ ದೊರೆಯುತ್ತಿತ್ತು. ಇಂದಿಗೂ ಮಕ್ಕಳಿಗೆ ಇಷ್ಟನ್ನೇ ಒಪ್ಪಿಸಿ ಸುಮ್ಮನಾಗುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಪರಾಗರೇಣುವಿನ ಹೊರಕವಚ ಬಲು ಗಟ್ಟಿಯಾದುದು. ಆಮ್ಲಕ್ಕೂ ಸುಲಭವಾಗಿ ಕರಗದ ಅದು ಶಿಲೆಯ ಪದರಗಳಲ್ಲಿ ಕೋಟ್ಯಂತರ ವರ್ಷ ಉಳಿಯಬಲ್ಲದು. ಪರಾಗನಾಳ ಹೊರಬರಲೆಂದು ಆ ಕವಚದಲ್ಲಿ ಬಾಗಿಲುಗಳಿರುತ್ತವೆ. ಕೆಲವಕ್ಕೆ ಸೀಳು, ಕೆಲವಕ್ಕೆ ರಂಧ್ರ. ಮರಳವಾಡಿಯ ಸುತ್ತಮುತ್ತಲ ಗಿಡಗಳನ್ನೇ ನೋಡೋಣ. ರಾಗಿಯ ರೇಣು ದುಂಡಗೆ, ನುಣುಪಾಗಿದ್ದು ಒಂದೇ ರಂಧ್ರವುಳ್ಳದ್ದು. ತೆಂಗಿಗೆ ಒಂದೇ ಸೀಳು. ಸಾಸಿವೆಗೆ ಮೂರು ಸೀಳು. ಹುಚ್ಚೆಳ್ಳಿಗೂ ಮೂರು ಬಾಗಿಲು, ಮೇಲೆ ಮೈತುಂಬ ಮುಳ್ಳು. ಇಲ್ಲಿಯವರೆಗೆ ಹಳೆಯ ಪಾಠಕ್ಕೆ ಬಾಧಕವಿಲ್ಲ. ಆದರೆ ಸಂಪಿಗೆ? ಅದರ ಬೀಜದಲ್ಲಿ ಬೇಳೆ ಎರಡು. ರೇಣುವಿಗೋ ತೆಂಗಿನಂತೆ ಒಂದೇ ಸೀಳು!

ಸ್ವೀಡನ್ನಿನ ಗುನ್ನಾರ್ ಎರ್ಟ್‌ಮನ್ 1952ರಲ್ಲಿ ಹೂಗಿಡಗಳ ಪರಾಗರಚನೆಯನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಮುಂದೆ ವಂಶವಾಹಿಗಳ ಅಧ್ಯಯನವೂ ರೇಣುವಿನ ಸಾಕ್ಷ್ಯವನ್ನು ಎತ್ತಿಹಿಡಿಯಿತು. 1998ರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಸಂಪಿಗೆ, ಸೀತಾಫಲ, ಮೆಣಸುಗಳು ನಿಜದ್ವಿದಳಗಳಿಂದ ಹೊರಗುಳಿದವು. ಮೂರು ಬಾಗಿಲಿನ ರೇಣುವೇ ನಿಜದ್ವಿದಳಗಳ ಮೂಲಲಕ್ಷಣ. ಅಂತಹ ರೇಣುಗಳು ಸುಮಾರು 12.5 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳಲ್ಲಿಯೂ ದೊರೆತಿವೆ.

ರೇಣುವೊಂದನ್ನೇ ನಂಬಿ ಕುಳಿತುಕೊಳ್ಳಲಾಗದೆಂಬುದನ್ನೂ ಹೇಳಬೇಕು. ರಾಗಿ, ಭತ್ತ, ಮುಸುಕಿನ ಜೋಳಗಳ ರೇಣುಗಳಲ್ಲಿ ಗಾತ್ರದ ಹೊರತು ಹೆಚ್ಚಿನ ಭೇದ ಕಾಣದು. ನಮ್ಮ ರೇಷ್ಮೆಹುಳುವಿನ ಆಹಾರವಾದ ಹಿಪ್ಪುನೇರಳೆ ನಿಜದ್ವಿದಳವೇ ಆದರೂ ಅದರ ರೇಣುವಿಗೆ ಸಾಮಾನ್ಯವಾಗಿ ಎರಡೇ ರಂಧ್ರ. ಹೂ, ಕಾಯಿ, ಎಲೆಗಳನ್ನೂ ಕೂಡಿಸಿ ನೋಡಿದಾಗಲೇ ಕುಲ ನಿಶ್ಚಯವಾಗುತ್ತದೆ.

ಇದು ಕೇವಲ ಪಂಡಿತರ ಗೊಡವೆಯೆಂದು ಭಾವಿಸಬಾರದು. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ಎನ್. ಅಗಾಶೆಯವರು ಗಾಳಿಯಲ್ಲಿ ತೇಲುವ ಪರಾಗವನ್ನೂ ಅದರಿಂದುಂಟಾಗುವ ಅಲರ್ಜಿಯನ್ನೂ ಅಭ್ಯಸಿಸಿದರು. ಕಾಂಗ್ರೆಸ್ ಗಿಡದಿಂದ ಸೀನಿ ಬಳಲಿದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಹಳಷ್ಟು ಶಾಲೆಗಳಲ್ಲಿ ಸೂಕ್ಷ್ಮದರ್ಶಕವು ಬೀರುವಿನೊಳಗೆ ಬೀಗದ ಭದ್ರತೆಯಲ್ಲಿರುತ್ತದೆ. ಕೆಟ್ಟುಹೋದೀತೆಂಬ ಭಯ! ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ: ಕಟ್ಟಡದ ಜೊತೆಗೆ, 400 ಪಟ್ಟು ಹಿಗ್ಗಿಸಿ ತೋರಿಸುವ ನಾಲ್ಕಾರು ಸೂಕ್ಷ್ಮದರ್ಶಕಗಳನ್ನೂ ಕೊಡಿಸಿರಿ. ಉಪಾಧ್ಯಾಯ ಮಿತ್ರರು ಬೀಗ ತೆಗೆಯಲಿ. ಸಂಪಿಗೆ, ಸಾಸಿವೆ, ಹುಚ್ಚೆಳ್ಳಿನ ಹೂಗಳನ್ನು ಮಕ್ಕಳೇ ತಂದಾರು.