ನಾವು ಒಪ್ಪದ ಪುಸ್ತಕಗಳನ್ನೂ ಓದೋಣ

ಪರಿಸರದ ಕೆಲಸದಲ್ಲಿ ತೊಡಗಿಕೊಂಡವರಲ್ಲಿ ಒಂದು ರೂಢಿಯುಂಟು. ಈಗಾಗಲೇ ನಂಬಿರುವುದನ್ನು ಮತ್ತೊಮ್ಮೆ ಹೇಳುವ ಪುಸ್ತಕಗಳನ್ನೇ ಹುಡುಕಿ ಓದುವುದು. ಕೃಷಿ ಪದವಿ ಪಡೆದವರ ರೂಢಿ ಬೇರೆ. ಪರೀಕ್ಷೆಗೆ ಬಾರದ ಪುಸ್ತಕವನ್ನು ಅವರು ಮುಟ್ಟುವುದು ವಿರಳ. ಈ ಎರಡೂ ವರ್ಗಗಳ ನಡುವೆ ಬದುಕುತ್ತಿರುವ ನಾನು ಹಲವು ಸಲ ಮರಳಿ ಓದಿದ ಕೆಲವು ಕೃತಿಗಳನ್ನು, ವಿಶೇಷವಾಗಿ ನಮ್ಮ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿ ಹೆಸರಿಸುತ್ತಿದ್ದೇನೆ.

ಮೊದಲ ಸ್ಥಾನ ಶಿವರಾಮ ಕಾರಂತರ ‘ಬೆಟ್ಟದ ಜೀವ’ಕ್ಕೆ. 1943ರಲ್ಲಿ ಪ್ರಕಟವಾದ ಈ ಕಾದಂಬರಿ ಕುಮಾರಪರ್ವತದ ತಪ್ಪಲಿನದು. ಇದರ ಗೋಪಾಲಯ್ಯ ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದವರು, ಕಾಡುಪ್ರಾಣಿಗಳೊಡನೆ ಸೆಣಸಿದವರು. ಇಂದಿನ ಅಳತೆಗೋಲು ಹಿಡಿದರೆ ಅವರನ್ನು ಅರಣ್ಯನಾಶಕರ ಪಟ್ಟಿಗೆ ಸೇರಿಸಬೇಕಾದೀತು. ಆದರೆ ಆ ಬೆಟ್ಟವನ್ನು ಅವರಷ್ಟು ಪ್ರೀತಿಸಿದ ಪಾತ್ರ ಕನ್ನಡದಲ್ಲಿ ಮತ್ತೊಂದು ಇದೆಯೆಂದು ನನಗನ್ನಿಸುವುದಿಲ್ಲ. ಪ್ರೀತಿ ಮತ್ತು ಕೊಡಲಿ ಒಂದೇ ಕೈಯಲ್ಲಿರುವುದು ಹೇಗೆಂಬುದನ್ನು ಕಾರಂತರು ಸಮರ್ಥಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯೂ 2013ರಲ್ಲಿ ಕಸ್ತೂರಿರಂಗನ್ ಸಮಿತಿಯೂ ಪಶ್ಚಿಮಘಟ್ಟದ ಕುರಿತು ವರದಿ ಸಲ್ಲಿಸಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಎದ್ದ ಆತಂಕವನ್ನು ಕೇವಲ ಅಪಪ್ರಚಾರದ ಫಲವೆಂದು ತಳ್ಳಿಹಾಕಿದವರುಂಟು. ಅಪಪ್ರಚಾರವೂ ಇತ್ತು, ಸುಳ್ಳಲ್ಲ. ಆದರೆ ಗೋಪಾಲಯ್ಯನವರನ್ನು ಬಲ್ಲವರು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು. ಇನ್ನೊಂದು ಸಂಗತಿ. ಮಗ ಮನೆಬಿಟ್ಟು ಹೋದ ಮೇಲೆ ಕಾಡಿನ ನಡುವೆ ಉಳಿದ ವೃದ್ಧ ದಂಪತಿಗಳ ಕಥೆಯೂ ಇದೇ. ಮಕ್ಕಳೆಲ್ಲ ಬೆಂಗಳೂರು ಸೇರಿರುವ ನಮ್ಮ ಕೇರಿಗಳಲ್ಲಿ ಇಂಥ ಮನೆಗಳನ್ನು ಎಣಿಸಿ ನೋಡಿರಿ.

ಎರಡನೆಯದು ಸರ್ ಆಲ್ಬರ್ಟ್ ಹೊವಾರ್ಡರ ‘ಆನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್’ (1940). ಹೊವಾರ್ಡ್ 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದ ಸಸ್ಯವಿಜ್ಞಾನಿ. ಕಲಿಸಲು ಬಂದವರು ಸುತ್ತಲಿನ ರೈತರ ಹೊಲಗಳನ್ನು ನೋಡುತ್ತ ಕಲಿಯತೊಡಗಿದರು. ರೈತರನ್ನೂ ಕೀಟಗಳನ್ನೂ ತಮ್ಮ ಗುರುಗಳೆಂದೇ ಪರಿಗಣಿಸಿದರು. ಮುಂದೆ ಇಂದೋರಿನಲ್ಲಿ ಸಸ್ಯತ್ಯಾಜ್ಯ, ಸಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹಾಕಿ, ಆಗಾಗ ಮಗುಚಿ, ಸುಮಾರು 3 ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಮಲೆನಾಡಿಗರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಕೊಟ್ಟಿಗೆಯಲ್ಲಿ ಹಸಿಸೊಪ್ಪು, ದರಕು ಹಾಸಿ ದನಗಳಿಂದ ತುಳಿಸಿ ಗೊಬ್ಬರದ ಗುಂಡಿಗೆ ಸಾಗಿಸುವ ಕ್ರಮ ನಮ್ಮದೇ. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಹಕ್ಕು ದೊರೆತದ್ದು ಈ ಕಾರಣಕ್ಕಾಗಿಯೇ. ಅಂದರೆ ತೋಟದ ಮಣ್ಣು ಬೆಟ್ಟದ ಮರಗಳ ಋಣದಲ್ಲಿದೆ. ಕೊಟ್ಟಿಗೆಗಳು ಬರಿದಾಗಿ, ಬೆಟ್ಟಗಳು ಬೋಳಾಗಿ, ಗೊಬ್ಬರ ಚೀಲದಲ್ಲಿ ಬರುತ್ತಿರುವ ಈ ಕಾಲದಲ್ಲಿ ಹೊವಾರ್ಡರನ್ನು ಓದಿದರೆ ನಾವು ಕೈಬಿಟ್ಟದ್ದು ಹಳೆಯ ಪದ್ಧತಿಯನ್ನೋ ಅಥವಾ ವಿಜ್ಞಾನವನ್ನೋ ಎಂಬ ಪ್ರಶ್ನೆ ಏಳುತ್ತದೆ. ಅವರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ. ಮಣ್ಣು ಸರಿಯಿದ್ದರೆ ರೋಗವೇ ಬಾರದೆಂಬ ಅವರ ವಿಶ್ವಾಸ ನಮ್ಮ ಆಷಾಢದ ಮಳೆಯಲ್ಲಿ ಕೊಳೆರೋಗ ಕಂಡವರಿಗೆ ಒಪ್ಪಿಗೆಯಾಗದು.

ರೇಚಲ್ ಕಾರ್ಸನ್ನರ ‘ಸೈಲೆಂಟ್ ಸ್ಪ್ರಿಂಗ್’ (1962) ಬಗ್ಗೆ ಈ ಪತ್ರಿಕೆಯ ಓದುಗರಿಗೆ ಹೆಚ್ಚು ಹೇಳಬೇಕಿಲ್ಲ. ಒಂದು ಮಾತು ಮಾತ್ರ: ಆಕೆ ಎಲ್ಲ ರಾಸಾಯನಿಕಗಳನ್ನೂ ಬಿಡಿರೆಂದು ಹೇಳಲಿಲ್ಲ, ವಿವೇಚನೆಯಿಲ್ಲದ ಬಳಕೆಯನ್ನು ಪ್ರಶ್ನಿಸಿದರು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವವರನ್ನು ಅಪರಾಧಿಗಳಂತೆ ಕಾಣುವ ಗೆಳೆಯರು ಇದನ್ನು ಗಮನಿಸಬೇಕು. ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಬೇರೆಯೇ ಸಂಗತಿ. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಅದು ನಡೆದದ್ದು ಆ ಪುಸ್ತಕ ಬಂದು ದಶಕಗಳು ಕಳೆದ ಮೇಲೆ. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರಲ್ಲಿ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೃತಿಯನ್ನು ನಗುವುದಕ್ಕಾಗಿ ಓದಿದವರೇ ಹೆಚ್ಚು. ಕೃಷಿವಿಜ್ಞಾನಿಗಳಿಗೆ ಅದು ಪಠ್ಯವಾಗಬೇಕೆಂಬುದು ನನ್ನ ಅಭಿಪ್ರಾಯ. ಊರಿನವರು ಪೋಲಿಯೆಂದು ಬಗೆದ ಮಂದಣ್ಣನ ಕಣ್ಣಿನ ಸೂಕ್ಷ್ಮತೆಯನ್ನು ಗುರುತಿಸುವವರು ವಿಜ್ಞಾನಿ ಕರ್ವಾಲೊ ಒಬ್ಬರೇ. ರೈತನ ಮನೆಗೆ ಹೋಗಿ ಶಿಫಾರಸು ಪಟ್ಟಿ ಓದಿ ಬರುವ ನಮ್ಮ ಕ್ಷೇತ್ರಭೇಟಿಗಳಲ್ಲಿ ಎಷ್ಟು ಮಂದಣ್ಣರು ಬಾಯಿ ತೆರೆಯದೆಯೇ ಉಳಿದಿದ್ದಾರೋ! ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದರ ಜೊತೆಗಿರಲಿ. ಸಸ್ಯಶಾಸ್ತ್ರವನ್ನು ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತ, ಹಾಸ್ಯ ಬಿಡದೆ ಕಲಿಸಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮಳೆಗಾಲದಲ್ಲಿ ಊರೂರಿನ ಶಾಲೆಗಳಲ್ಲಿ ಸಾಮೂಹಿಕ ಓದು ನಡೆಸುವುದಾದರೆ ‘ಬೆಟ್ಟದ ಜೀವ’ದಿಂದ ಆರಂಭಿಸಬೇಕೆಂದು ಸೂಚಿಸುತ್ತೇನೆ. ತೋಟ ಎಬ್ಬಿಸಿದವರನ್ನು ಕಣ್ಣಾರೆ ಕಂಡ ಹಿರಿಯರು ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕರೆದು ಕೂರಿಸಿಕೊಂಡು, ಓದು ಮುಗಿದ ಮೇಲೆ ಅವರಿಗೇ ಮೊದಲು ಮಾತನಾಡಲು ಬಿಡಬೇಕು.