‘ನಮ್ಮವರು’ ಇರುವ ಬಡಾವಣೆ

ಬೆಂಗಳೂರಿಗೆ ಕೆಲಸಕ್ಕೆ ಹೊರಟ ಹಳೆಯ ವಿದ್ಯಾರ್ಥಿಗಳು ಆಗಾಗ ದೂರವಾಣಿ ಮಾಡಿ, “ಸಾರ್, ಯಾವ ಬಡಾವಣೆಯಲ್ಲಿ ಮನೆ ಹಿಡಿಯಲಿ?” ಎಂದು ಕೇಳುವುದುಂಟು. ನಾನು ಬಾಯಿ ತೆರೆಯುವ ಮುನ್ನವೇ ಅವರ ಮನೆಯ ಹಿರಿಯರು ಉತ್ತರ ಕೊಟ್ಟಾಗಿರುತ್ತದೆ: “ನಮ್ಮವರು ಇರುವ ಕಡೆ ನೋಡು.” ನನ್ನ ಬಂಧುಗಳೂ ಇದಕ್ಕೆ ಹೊರತಲ್ಲ. ಓದಿ ಮುನಿಸಿಕೊಳ್ಳುವವರಿದ್ದಾರೆಂದು ಬಲ್ಲೆ, ಆದರೂ ಬರೆಯುತ್ತೇನೆ.

ಈ ‘ನಮ್ಮವರು’ ಯಾರು? ಒಂದೇ ಊರಿನವರೆಂದಲ್ಲ, ಕನ್ನಡಿಗರೆಂದೂ ಅಲ್ಲ. ಜಾತಿ ಎನ್ನಲು ನಾಚುವವರು ಕಂಡುಕೊಂಡ ಸಭ್ಯ ಪದವಿದು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆ ಫಲಕ ಇದರದೇ ದಾಯಾದಿ.

ಹಿರಿಯರು ಮೊದಲು ಹೆಸರಿಸುವುದು ಮಲ್ಲೇಶ್ವರ, ಬಸವನಗುಡಿಗಳನ್ನು. 1898ರ ಪ್ಲೇಗಿಗೆ ಅಂಜಿ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದ ಜನ ಗಾಳಿ ಬೆಳಕನ್ನು ಅರಸಿಕೊಂಡು ಹೋದ ಬಡಾವಣೆಗಳವು. ಇಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿರುವ ಹುಡುಗನನ್ನು 20 ಕಿಲೋಮೀಟರಿಗೂ ದೂರದ ಮಲ್ಲೇಶ್ವರದಲ್ಲಿ ಇರಿಸುವುದು ಯಾವ ಜಾಣತನ? ವರ್ಷಕ್ಕೊಮ್ಮೆ ಗೌರಿ ಹಬ್ಬದಲ್ಲಿ ಕಾಣುವ ದೂರದ ಸೋದರಮಾವನಿಗಾಗಿ ದಿನವೂ ರಸ್ತೆಯಲ್ಲಿ ಆಯುಷ್ಯ ಸವೆಸಬೇಕೆ? ಅದಕ್ಕಿಂತ ನೀರು ಎಲ್ಲಿಂದ ಬರುತ್ತದೆಂದು ಕೇಳಲಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರಿಗೆ ಪಕ್ಕದವನ ಗೋತ್ರ ನೆನಪಾಗಿರಲಾರದು.

ಇಷ್ಟೇ ಆಗಿದ್ದರೆ ಪೆಟ್ರೋಲಿನ ನಷ್ಟವೆಂದು ಸುಮ್ಮನಿರುತ್ತಿದ್ದೆ. ಕೆಲವು ವರ್ಷಗಳ ಹಿಂದೆ, ಗಣಿತದಲ್ಲಿ ತರಗತಿಗೇ ಮೊದಲಿಗನಾಗಿದ್ದ ನನ್ನ ಶಿಷ್ಯನೊಬ್ಬ ಅಂಥದೇ ಒಂದು ‘ಒಳ್ಳೆಯ’ ಬಡಾವಣೆಯಲ್ಲಿ ಮನೆ ನೋಡಿದ. ಮುಂಗಡದ ಹಣವೂ ಸಿದ್ಧವಿತ್ತು. ಪರಿಚಯಕ್ಕೆಂದು ನನ್ನ ಸಂಖ್ಯೆ ಕೊಟ್ಟಿದ್ದ. ಮನೆಯ ಯಜಮಾನರು ನನಗೆ ಕರೆ ಮಾಡಿ ನಯವಾಗಿ ಕೇಳಿದರು: “ಮೇಷ್ಟ್ರೇ, ಹುಡುಗ ಯಾವ ಪೈಕಿ?” ನಾನು, “ಬಹಳ ಸಂಭಾವಿತ, ಬುದ್ಧಿವಂತ” ಎಂದೆ. “ಅದಲ್ಲ ಮೇಷ್ಟ್ರೇ...” ಎಂದರು. ಆ ಪ್ರಶ್ನೆ ತಪ್ಪೆಂದು ಹೇಳುವ ಬದಲು ಮೂವತ್ತು ವರ್ಷ ಸಮಾನತೆಯ ಪಾಠ ಹೇಳಿದ ನಾನು, “ನನಗೆ ಸರಿಯಾಗಿ ತಿಳಿಯದು” ಎಂದು ಸುಳ್ಳಾಡಿದೆ. ಮನೆ ಸಿಗಲಿಲ್ಲ. ಹುಡುಗ ನನ್ನನ್ನು ಏನೂ ಕೇಳಲಿಲ್ಲ.

ಕಾನೂನಿದೆಯಲ್ಲ ಎನ್ನುವವರಿಗೆ ಒಂದು ಮಾತು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ ಅಲ್ಲಿ ಜಾತಿ ಮತಗಳ ತಡೆ ಕೂಡದೆನ್ನುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಪಾರ್ಸಿಗಳಿಗಷ್ಟೇ ಸದಸ್ಯತ್ವವೆಂದ ಅಹಮದಾಬಾದಿನ ಗೃಹನಿರ್ಮಾಣ ಸಂಘವೊಂದರ ನಿಯಮವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಹಾಗಾಗಿ ಇದು ಬಹುಮಟ್ಟಿಗೆ ಮನೆಯ ಯಜಮಾನರ ಮರ್ಜಿಗೇ ಉಳಿದಿದೆ. ‘ನಮ್ಮವರ’ ನಡುವೆಯೇ ಮನೆ ಹುಡುಕುವ ನಾವು ಆ ಮರ್ಜಿಗೆ ಗೊಬ್ಬರ ಹಾಕುತ್ತಿದ್ದೇವೆ.

ಆ ಹುಡುಗ ಈಗ ಹೊಂಗಸಂದ್ರದಲ್ಲಿದ್ದಾನೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾದ ಮೇಲೆ ಕಚೇರಿಗೆ ಸಲೀಸಾಗಿ ಹೋಗಿಬರುತ್ತಾನಂತೆ. ಕೆಳಗಿನ ಮನೆಯ ಅಜ್ಜಿ ಅವನ ಮಗುವಿಗೆ ಮಲಯಾಳಂ ಕಲಿಸುತ್ತಿದ್ದಾರೆಂದು ನಗುತ್ತ ಹೇಳಿದ.

ನಮ್ಮ ಮಹಡಿಯ ಮನೆ ಬರುವ ತಿಂಗಳು ಖಾಲಿಯಾಗಲಿದೆ. ಬರುವವರನ್ನು ಕೆಲಸವೇನು, ಮನೆಯಲ್ಲಿ ಎಷ್ಟು ಜನ ಎಂದಷ್ಟೇ ಕೇಳುವುದೆಂದು ನಿಶ್ಚಯಿಸಿದ್ದೇನೆ. ನನ್ನಾಕೆ ಒಪ್ಪಿದ್ದಾಳೆ. ತಮ್ಮ ಇನ್ನೂ ಒಪ್ಪಿಲ್ಲ.